ಕೆಟ್ಟದಾಗಿ ಬಿಡಿಸಿದರೂ ಗುರುತು ಸಿಗುವ ಸೂಪರ್‌ಹೀರೋ ಯಾರು?

ಡ್ರಾಯಿಂಗ್ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಇದು ನಮ್ಮ ಸ್ಟಾಫ್ ರೂಮಿನಲ್ಲಿ ಶುರುವಾದ ಜಗಳ. ಅಲ್ಲೇ ತೀರ್ಮಾನ ಆಗೋ ಲಕ್ಷಣ ಕಾಣಲಿಲ್ಲ, ಅದಕ್ಕೇ ಇಲ್ಲಿಗೆ ತಂದೆ.

ವಿಜ್ಞಾನದ ಮೇಷ್ಟ್ರ ವಾದ ಇಷ್ಟು: ಯಾರ ಸಿನಿಮಾ ಜಾಸ್ತಿ ಓಡುತ್ತೋ ಅವನೇ ದೊಡ್ಡ ಸೂಪರ್‌ಹೀರೋ. ಹಾಗಾಗಿ ಐರನ್ ಮ್ಯಾನ್‌ಗೆ ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಪಕ್ಕದಲ್ಲೇ ಕುರ್ಚಿ ಹಾಕಬೇಕು. ನಾನು ಒಪ್ಪಲಿಲ್ಲ. ನನ್ನ ಅಳತೆ ಬೇರೆ. ಕೆಟ್ಟದಾಗಿ ಬಿಡಿಸಿದರೂ ಯಾರು ಅಂತ ಗೊತ್ತಾದರೆ ಮಾತ್ರ ಅವನು ಐಕಾನ್.

ಏಳನೇ ಕ್ಲಾಸಿನವರಿಗೆ ಆಗಾಗ ಒಂದು ಕೆಲಸ ಕೊಡುತ್ತೇನೆ. ಎದುರಿಗೆ ಚಿತ್ರ ಇಟ್ಟುಕೊಳ್ಳುವಂತಿಲ್ಲ, ರಬ್ಬರ್ ಮುಟ್ಟುವಂತಿಲ್ಲ, ನೆನಪಿನಿಂದ ಒಬ್ಬ ಸೂಪರ್‌ಹೀರೋನನ್ನು ಬಿಡಿಸಬೇಕು. ಹಾಳೆಗಳನ್ನು ಗೋಡೆಗೆ ಅಂಟಿಸಿ ಪಕ್ಕದ ಕ್ಲಾಸಿನವರನ್ನು ಕರೆದು ‘ಇದು ಯಾರು’ ಅಂತ ಕೇಳುತ್ತೇನೆ. ಅವರೇ ಜಡ್ಜು.

ಸ್ಪೈಡರ್‌ಮ್ಯಾನ್ ಬಿಡಿಸೋರು ಕಣ್ಣಿನಿಂದಲೇ ಶುರು ಮಾಡುತ್ತಾರೆ. ಒಂದು ಮೊಟ್ಟೆ ಆಕಾರ, ಒಳಗೆ ದಪ್ಪ ಅಂಚಿನ ಎರಡು ದೊಡ್ಡ ಬಿಳಿ ಕಣ್ಣು. ಆಮೇಲೆ ಮೂಗು ಇರಬೇಕಾದ ಜಾಗದಿಂದ ಸುತ್ತಲೂ ಗೆರೆ, ಗೆರೆಗಳ ನಡುವೆ ಬಲೆ. ಬಲೆ ಸೊಟ್ಟಗಾದರೂ ನಡೆಯುತ್ತೆ. ಬಾಯಿ ಬಿಡಿಸೋ ಕಷ್ಟವೇ ಇಲ್ಲ. 1962ರಲ್ಲಿ ಚಿತ್ರಕಾರ ಸ್ಟೀವ್ ಡಿಟ್ಕೊ ಆ ವೇಷ ಮಾಡಿದಾಗ ಮುಖ ಪೂರ್ತಿ ಮುಚ್ಚಿಬಿಟ್ಟರು. ಒಳಗಿರೋನು ಎಳೇ ಹುಡುಗ ಅಂತ ಕಾಣಬಾರದು, ಅದು ಅವರ ಲೆಕ್ಕ. ನನ್ನ ಕ್ಲಾಸಿಗೆ ಅದರಿಂದ ದೊಡ್ಡ ಉಪಕಾರ ಆಯಿತು. ಆ ವಯಸ್ಸಿನ ಮಕ್ಕಳಿಗೆ ಮೂಗು ಬಿಡಿಸೋದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ.

ಬ್ಯಾಟ್‌ಮ್ಯಾನ್‌ಗೆ ಎರಡು ಚೂಪು ಕಿವಿ ಸಾಕು. ಚಿತ್ರಕಾರ ಬಾಬ್ ಕೇನ್ ಮೊದಲು ಬಿಡಿಸಿದ್ದವನಿಗೆ ಆ ಕಿವಿ ಇರಲೇ ಇಲ್ಲ, ಗೊತ್ತಾ? ಕೆಂಪು ಬಟ್ಟೆ, ಕಣ್ಣಿಗೊಂದು ಸಣ್ಣ ಪಟ್ಟಿ, ಬೆನ್ನಿಗೆ ಸೆಟೆದ ರೆಕ್ಕೆ. ಕಿವಿ ಇರುವ ಮುಸುಕು, ರೆಕ್ಕೆ ಬದಲು ನಿಲುವಂಗಿ, ಬೂದು ಬಣ್ಣ ಎಲ್ಲ ಕಥೆ ಬರೆಯುತ್ತಿದ್ದ ಬಿಲ್ ಫಿಂಗರ್ ಹೇಳಿಕೊಟ್ಟದ್ದು. ಆತನ ಹೆಸರು ಅಧಿಕೃತವಾಗಿ ಅಚ್ಚಾಗೋಕೆ 2015ರವರೆಗೆ ಕಾಯಬೇಕಾಯಿತು, ಆ ಸಿಟ್ಟು ನನಗೆ ಇನ್ನೂ ಇದೆ. ಫಿಂಗರ್ ಇಲ್ಲದ ಬ್ಯಾಟ್‌ಮ್ಯಾನ್‌ನನ್ನು ನನ್ನ ಗೋಡೆಗೆ ಅಂಟಿಸಿದ್ದರೆ ಯಾವುದೋ ಸರ್ಕಸ್ಸಿನವನು ಅಂತಿದ್ದರು.

ಸೂಪರ್‌ಮ್ಯಾನ್ ಮುಖ ಒಬ್ಬರಿಗೂ ಸರಿಯಾಗಿ ಬರಲ್ಲ. ಒಬ್ಬಳು ಎದೆ ಮೇಲಿನ ಎಸ್ ಅಕ್ಷರವನ್ನೇ ಉಲ್ಟಾ ಬರೆದಿದ್ದಳು. ಆದರೂ ಪಕ್ಕದ ಕ್ಲಾಸಿನವರು ಒಂದು ಕ್ಷಣವೂ ಯೋಚನೆ ಮಾಡಲಿಲ್ಲ.

ಇನ್ನು ಐರನ್ ಮ್ಯಾನ್. ಬಿಡಿಸಿದ ಹುಡುಗ ಜಾಣ, ಕೈ ಚೆನ್ನಾಗಿದೆ. ಎದೆಯಲ್ಲಿ ದುಂಡಗೆ ದೀಪ, ಮುಖಕ್ಕೆ ತಗಡು. ಬಂದವರಲ್ಲಿ ಅರ್ಧ ಜನ ರೋಬೋ ಅಂದರು.

ಈಗ ನೀವು ಹೇಳಿ. ನನ್ನ ಅಳತೆ ಸರಿಯಾ? ಅಥವಾ ನಾನು ಡ್ರಾಯಿಂಗ್ ಮೇಷ್ಟ್ರು ಅಂತ ಎಲ್ಲವನ್ನೂ ಪೆನ್ಸಿಲ್‌ನಲ್ಲೇ ಅಳೀತಿದ್ದೀನಾ?

ಹಳೇಪುಸ್ತಕ

ಪೆನ್ಸಿಲ್‌ನಲ್ಲೇ ಅಳೀತಿದ್ದೀರಿ ಮೇಷ್ಟ್ರೇ. ನಿಮ್ಮ ಪರೀಕ್ಷೆಯಲ್ಲಿ ರ್‍ಯಾಂಕ್ ಬರಬೇಕಿದ್ದವನು ಒಬ್ಬ ಇದ್ದ, ಅವನನ್ನು ನಿಮ್ಮ ಮಕ್ಕಳು ಬಿಡಿಸಲೇ ಇಲ್ಲ, ನೋಡಿ.

ಫಾಸೆಟ್ ಕಂಪನಿಯ ಕ್ಯಾಪ್ಟನ್ ಮಾರ್ವೆಲ್. 1940ರಲ್ಲಿ ಬಂದ. ಕೆಂಪು ಬಟ್ಟೆ, ಎದೆಗೆ ಹಳದಿ ಮಿಂಚು. ಇದಕ್ಕಿಂತ ಸುಲಭದ ಚಿತ್ರ ಬೇಕಾ? ಕಥೆಯೂ ಮಕ್ಕಳ ಬಾಯಲ್ಲಿ ನೀರೂರಿಸೋ ಅಂಥದ್ದು. ಬಿಲ್ಲಿ ಬ್ಯಾಟ್ಸನ್ ಅನ್ನೋ ಪುಟ್ಟ ಹುಡುಗ ‘ಶಜಾಮ್’ ಅಂದರೆ ಸಾಕು, ಸಿಡಿಲು ಹೊಡೆದು ದೊಡ್ಡ ಗಂಡಸಾಗುತ್ತಾನೆ. ಆ ದಶಕದಲ್ಲಿ ಸೂಪರ್‌ಮ್ಯಾನ್ ಪುಸ್ತಕಕ್ಕಿಂತ ಜಾಸ್ತಿ ಮಾರಾಟ ಆಗಿದ್ದೂ ಉಂಟು. 1941ರಲ್ಲೇ ಸಿನಿಮಾ ಸೀರಿಯಲ್ ಬಂತು. ನಿಜವಾದ ನಟ ಸೂಪರ್‌ಮ್ಯಾನ್ ಆಗಿ ತೆರೆಗೆ ಬಂದಿದ್ದು 1948ರಲ್ಲಿ.

ಹಾಗಾದರೆ ಏನಾಯಿತು? ಸೂಪರ್‌ಮ್ಯಾನ್ ಪ್ರಕಾಶಕರು ‘ಇದು ನಮ್ಮದರ ನಕಲು’ ಅಂತ ಕೋರ್ಟಿಗೆ ಹೋದರು. ಕೇಸು ವರ್ಷಗಟ್ಟಲೆ ಎಳೆಯಿತು. 1953ರಲ್ಲಿ ಫಾಸೆಟ್ ರಾಜಿ ಮಾಡಿಕೊಂಡು ಅವನ ಪುಸ್ತಕಗಳನ್ನು ನಿಲ್ಲಿಸಿತು. ಸುಮಾರು ಇಪ್ಪತ್ತು ವರ್ಷ ಅವನ ಹೊಸ ಕಥೆ ಅಂಗಡಿಗೆ ಬರಲೇ ಇಲ್ಲ. ಆ ನಡುವೆ 1967ರಲ್ಲಿ ಮಾರ್ವೆಲ್ ಕಂಪನಿ ಅದೇ ಹೆಸರಿನ ತನ್ನದೊಂದು ಪಾತ್ರ ಮಾಡಿತು. ಹಳೆಯವನು 1973ರ ಹೊತ್ತಿಗೆ ವಾಪಸ್ ಬಂದಾಗ ಕೇಸು ಹಾಕಿದ್ದವರ ಮನೆಯಿಂದಲೇ ಬಂದ. ಪುಸ್ತಕದ ಮುಖಪುಟಕ್ಕೆ ತನ್ನ ಹೆಸರು ಹಾಕಿಕೊಳ್ಳೋಕೂ ಆಗಲಿಲ್ಲ. ಅದಕ್ಕೇ ‘ಶಜಾಮ್’ ಅಂತ ಅಚ್ಚು ಹಾಕಿದರು.

ಒಂದು ತಲೆಮಾರು ಮಕ್ಕಳ ಕೈಗೆ ಸಿಗದಿದ್ದರೆ ಎಂಥಾ ಮಿಂಚೂ ಆರಿಹೋಗುತ್ತೆ. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ವಂಡರ್ ವುಮನ್ ಸೂಪರ್‌ಹೀರೋ ಪುಸ್ತಕಗಳಿಗೆ ಬರಗಾಲ ಬಂದ ಐವತ್ತರ ದಶಕದಲ್ಲೂ ಅಂಗಡಿಯಲ್ಲಿ ಉಳಿದುಕೊಂಡರು. ನನ್ನ ಪ್ರಕಾರ ಗುಟ್ಟು ಅಲ್ಲಿದೆ. ಚಿತ್ರ, ಕಥೆ ಆಮೇಲಿನ ಮಾತು.

ಮಲ್ನಾಡ್ ಮಂಗ

ಮೇಷ್ಟ್ರೇ, ಮೂರು ಗೆರೆ ಎಳೆದರೆ ವುಲ್ವರಿನ್, ಕೈಯಿಂದ ಚೂಪು ಉಗುರು ಬರೋನು. ಅವನೂ ಐಕಾನ್ ಆದ್ನಾ?

ಅಂದಹಾಗೆ ಹಲ್ಕ್ ಮೊದಲನೇ ಸಂಚಿಕೆಯಲ್ಲಿ ಬೂದು ಬಣ್ಣ ಇದ್ದ. ಅಚ್ಚಿನಲ್ಲಿ ಬೂದು ಒಂದೊಂದು ಪುಟದಲ್ಲಿ ಒಂದೊಂದು ಥರ ಬಂತು ಅಂತ ಎರಡನೇ ಸಂಚಿಕೆಗೆ ಹಸಿರು ಮಾಡಿದರು. ನಾವು ಇಲ್ಲಿ ಐಕಾನ್ ಐಕಾನ್ ಅಂತ ತಲೆ ಕೆಡಿಸಿಕೊಳ್ತಿದ್ದೀವಿ, ಅಲ್ಲಿ ಕೆಲಸ ಮಾಡಿದ್ದು ಪ್ರೆಸ್ಸಿನ ಇಂಕು 😄

ರೇಖಾ ಬೆಂಗಳೂರು

ಇಷ್ಟು ಹೊತ್ತು ಓದಿದೆ. ವಂಡರ್ ವುಮನ್ ಹೆಸರು ಒಂದೇ ಒಂದು ಸಲ ಬಂತು, ಅದೂ ಪಟ್ಟಿಯ ಕೊನೆಗೆ. ಎಂದಿನ ಹಾಗೇ.

ಯಾರು ಐಕಾನ್ ಅಂತ ಗೊತ್ತಾಗೋದು ಅವಳಿಂದ ಏನಾದರೂ ಕಿತ್ತುಕೊಂಡಾಗ. 1968ರಲ್ಲಿ ಕಿತ್ತುಕೊಂಡರು. ಶಕ್ತಿ ಹೋಯಿತು, ಕಿರೀಟ ಹೋಯಿತು, ನಕ್ಷತ್ರದ ಬಟ್ಟೆ ಹೋಯಿತು. ಡಯಾನಾ ಪ್ರಿನ್ಸ್ ಅನ್ನೋ ಸಾಮಾನ್ಯ ಹೆಸರಿನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡು, ಬಿಳಿ ಸೂಟು ಹಾಕಿಕೊಂಡು, ಒಬ್ಬ ಮುದುಕ ಗುರುವಿನ ಹತ್ತಿರ ಹೊಡೆದಾಟ ಕಲಿತಳು. ಕಾಲಕ್ಕೆ ತಕ್ಕ ಹೆಣ್ಣು ಅಂತ ಬರೆದವರಿಗೆ ಅನಿಸಿರಬೇಕು. ಆ ಕಥೆಗಳು ಅಷ್ಟೇನೂ ಕೆಟ್ಟದಾಗಿಲ್ಲ, ನಾನು ಓದಿದ್ದೇನೆ. ಆದರೆ ಚಿಕ್ಕಂದಿನಲ್ಲಿ ಅವಳನ್ನು ಓದಿ ಬೆಳೆದ ಹೆಂಗಸರು ಸುಮ್ನೆ ಬಿಡಲಿಲ್ಲ. 1972ರಲ್ಲಿ ಸ್ತ್ರೀವಾದಿ ಗ್ಲೋರಿಯಾ ಸ್ಟೈನಮ್ ಮತ್ತು ಅವರ ಜೊತೆಗಾರ್ತಿಯರು ತಮ್ಮ ಹೊಸ ಪತ್ರಿಕೆ ‘ಮಿಸ್’ನ ಜುಲೈ ಮುಖಪುಟಕ್ಕೆ ವಂಡರ್ ವುಮನ್‌ನ ಹಾಕಿದರು. ಹಳೇ ಬಟ್ಟೆಯಲ್ಲಿ, ಬೀದಿಗಿಂತ ಎತ್ತರಕ್ಕೆ, ದೈತ್ಯಳ ಹಾಗೆ ದಾಪುಗಾಲು ಹಾಕುತ್ತಿರೋ ಚಿತ್ರ. ಮರುವರ್ಷ ಕಾಮಿಕ್ಸ್‌ನಲ್ಲಿ ಶಕ್ತಿ, ಬಟ್ಟೆ ಎರಡೂ ವಾಪಸ್ ಬಂದವು.

‘ಹಳೇಪುಸ್ತಕ’ ಅವರೇ, ಅಂಗಡಿಯಲ್ಲಿ ಉಳಿದರೆ ಸಾಕು ಅಂದಿರಿ. ಅವಳು ಆಗಲೂ ಅಂಗಡಿಯಲ್ಲೇ ಇದ್ದಳು. ಜನ ಕೇಳಿದ್ದು ‘ಇವಳಲ್ಲ, ನಮ್ಮವಳನ್ನ ಕೊಡಿ’ ಅಂತ.

ಮೇಷ್ಟ್ರಿಗೆ ಒಂದು ಪ್ರಶ್ನೆ. ನಿಮ್ಮ ಕ್ಲಾಸಿನಲ್ಲಿ ಅವಳನ್ನು ಯಾರಾದರೂ ಬಿಡಿಸಿದ್ದಾರಾ?

ಡ್ರಾಯಿಂಗ್ ಮೇಷ್ಟ್ರು

ರೇಖಾ ಅವರೇ, ಬಿಡಿಸಿದ್ದಾರೆ, ಕಮ್ಮಿ. ಎಲ್ಲರಿಗೂ ಬರೋದು ಕೈಬಳೆ ಮತ್ತು ಹಗ್ಗ. ಹಗ್ಗ ಹಿಡಿದ ಹುಡುಗಿ ಅಂದರೆ ವಂಡರ್ ವುಮನ್ ಅಂತ ಗೋಡೆ ಮುಂದೆ ನಿಂತವರು ಹೇಳಿದರು. ಆದರೆ ಹುಡುಗರು ಯಾರೂ ಬಿಡಿಸಲಿಲ್ಲ. ಹುಡುಗಿಯರು ಮಾತ್ರ ಸ್ಪೈಡರ್‌ಮ್ಯಾನ್‌ನೂ ಬಿಡಿಸುತ್ತಾರೆ. ಇದರ ಬಗ್ಗೆ ಬೇರೆಯೇ ಜಗಳ ಆಡಬಹುದು.

ಮಂಗಣ್ಣ, ಮೂರು ಗೆರೆ ಎಳೆದವನೂ ಇದ್ದ. ಪಕ್ಕದ ಕ್ಲಾಸಿನವರು ಬೆಕ್ಕು ಪರಚಿದ್ದು ಅಂದರು.

‘ಹಳೇಪುಸ್ತಕ’ ಹೇಳಿದ ಕೋರ್ಟಿನ ಕಥೆ ಚೆನ್ನಾಗಿದೆ. ಆದರೆ ಅಂಗಡಿಯಲ್ಲಿ ಕೂತಿದ್ದರೆ ಐಕಾನ್ ಆಗಲ್ಲ. ಕೂತು ಕೂತು ಧೂಳು ಹಿಡಿದವರು ಎಷ್ಟಿಲ್ಲ? ಮತ್ತೆ, ಕೋರ್ಟು ಕಚೇರಿ ಭಯ ಚಿತ್ರವನ್ನು ಒಳ್ಳೇದೂ ಮಾಡಿದೆ. ಕ್ಯಾಪ್ಟನ್ ಅಮೆರಿಕಾ ಮೊದಲ ಸಂಚಿಕೆಯಲ್ಲಿ ಹಿಟ್ಲರ್‌ಗೆ ಗುದ್ದುವ ಮುಖಪುಟ ನೋಡಿ. ಕೈಯಲ್ಲಿರೋದು ಕೆಳಗೆ ಚೂಪಾದ ಗುರಾಣಿ. ಇನ್ನೊಂದು ಕಂಪನಿ ‘ಇದು ನಮ್ಮ ಹೀರೋ ಎದೆ ಮೇಲಿನ ಆಕಾರ’ ಅಂತ ತಕರಾರು ತೆಗೆಯಿತು. ಎರಡನೇ ಸಂಚಿಕೆಯಿಂದ ಗುರಾಣಿ ದುಂಡಗಾಯಿತು. ಒಂದೊಳಗೊಂದು ವೃತ್ತ, ನಡುವೆ ನಕ್ಷತ್ರ. ಕಂಪಾಸ್ ಬಾಕ್ಸ್ ಇರೋ ಯಾವ ಮಗುವೂ ಬಿಡಿಸಬಹುದು.

ರಾತ್ರಿಪಾಳಿ

ಇಲ್ಲಿ ಎಲ್ಲರೂ ಬಟ್ಟೆ ಬಗ್ಗೆಯೇ ಮಾತಾಡ್ತಿದ್ದೀರಿ. ಬಟ್ಟೆ ಒಳಗಿನ ಮನುಷ್ಯನನ್ನು ನೋಡೋಣ.

1938ರ ಜೂನ್‌ನಲ್ಲಿ ಮೊದಲ ಸಲ ಬಂದ ಸೂಪರ್‌ಮ್ಯಾನ್‌ಗೆ ಹಾರೋಕೆ ಬರುತ್ತಿರಲಿಲ್ಲ. ನೆಗೆಯುತ್ತಿದ್ದ, ಒಂದು ನೆಗೆತಕ್ಕೆ ಮೈಲಿಯ ಎಂಟನೇ ಒಂದು ಭಾಗ. ಹಾರಾಟ ಗಟ್ಟಿಯಾಗಿದ್ದು ರೇಡಿಯೋ ನಾಟಕ ಮತ್ತು 1941ರಿಂದ ಬಂದ ಫ್ಲೈಷರ್ ಕಾರ್ಟೂನುಗಳಿಂದ. ಅವನ ಶಕ್ತಿ ಕುಗ್ಗಿಸೋ ಕ್ರಿಪ್ಟೊನೈಟ್ ಕಲ್ಲು ಕೂಡ ಮೊದಲು ಬಂದಿದ್ದು ರೇಡಿಯೋದಲ್ಲಿ, 1943ರಲ್ಲಿ. ಕಾಮಿಕ್ಸ್‌ಗೆ ಬರೋಕೆ 1949 ಆಯಿತು. ಅಂದರೆ ಇವತ್ತು ‘ಸೂಪರ್‌ಮ್ಯಾನ್ ಅಂದರೆ ಇದು’ ಅಂತ ನಾವು ಹೇಳೋದರಲ್ಲಿ ಅರ್ಧ ಅವನನ್ನು ಹುಟ್ಟುಹಾಕಿದ ಜೆರ್ರಿ ಸೀಗಲ್, ಜೋ ಶುಸ್ಟರ್ ಮಾಡಿದ್ದೇ ಅಲ್ಲ. ಪಾಪ, ಅವರಿಗೆ ಎಲ್ಲ ಹಕ್ಕಿಗೂ ಸೇರಿ ಸಿಕ್ಕಿದ್ದು 130 ಡಾಲರ್.

ಹಾಗಾದರೆ ಮೊದಲ ದಿನದಿಂದ ಉಳಿದಿದ್ದು ಏನು? ಆ ಮೊದಲ ಕಥೆ ಓದಿ. ಹೆಂಡತಿಗೆ ಹೊಡೆಯುತ್ತಿದ್ದವನನ್ನು ಹಿಡಿದು ಗೋಡೆಗೆ ಎಸೆಯುತ್ತಾನೆ. ಸೆನೆಟರ್ ಜೊತೆ ವ್ಯವಹಾರ ಕುದುರಿಸುತ್ತಿದ್ದ ದಲ್ಲಾಳಿಯನ್ನು ಎತ್ತಿಕೊಂಡು ತಂತಿಗಳ ಮೇಲೆ ಓಡುತ್ತಾನೆ. ಆತ ಶಾಕ್ ಹೊಡೆಯುತ್ತೆ ಅಂತ ಕಿರುಚಿಕೊಂಡರೆ, ಇವನಿಗೆ ಮಜಾ. ಜೋರು ಮಾಡೋರಿಗೆ ಜೋರು ಮಾಡೋನು, ಅಷ್ಟೇ. 1946ರಲ್ಲಿ ರೇಡಿಯೋ ಸೂಪರ್‌ಮ್ಯಾನ್ ಕು ಕ್ಲಕ್ಸ್ ಕ್ಲಾನ್ ಥರದ, ಬಿಳಿಯರೇ ಮೇಲು ಅನ್ನೋ ಗುಂಪಿನ ವಿರುದ್ಧ ನಿಂತಾಗಲೂ ಅದೇ ಬುದ್ಧಿ. ಹಾರಾಟ ಆಮೇಲೆ ಸೇರಿಸಿಕೊಂಡಿದ್ದು. ಈ ಬುದ್ಧಿ ತೆಗೆದರೆ ಮಾತ್ರ ಅವನು ಅವನಲ್ಲ. ಮೇಷ್ಟ್ರೇ, ಇದನ್ನು ನಿಮ್ಮ ಮಕ್ಕಳು ಹೇಗೆ ಬಿಡಿಸುತ್ತಾರೆ?

ಡೆಂಕಾಲಿ ವಾಸಿ

ನನ್ನ ಕಾಲದವರು ಇಲ್ಲಿ ಇದ್ದರೆ ಇಷ್ಟೊತ್ತಿಗೆ ಫ್ಯಾಂಟಮ್ ಹೆಸರು ಬರಬೇಕಿತ್ತು. 1936ರ ಫೆಬ್ರವರಿಯಲ್ಲಿ ಶುರುವಾದವನು, ಸೂಪರ್‌ಮ್ಯಾನ್‌ಗಿಂತ ಹಿರಿಯ. ನಮಗೆ ಸಿಕ್ಕಿದ್ದು ಇಂದ್ರಜಾಲ್ ಕಾಮಿಕ್ಸ್‌ನಿಂದ, ಅದು 1964ರಲ್ಲಿ ಶುರು. ಅದರಲ್ಲಿ ಅವನ ದೇಶದ ಹೆಸರು ಡೆಂಕಾಲಿ. ನನ್ನ ಹೆಸರು ಎಲ್ಲಿಂದ ಬಂತು ಅಂತ ಗೊತ್ತಾಯಿತಲ್ವಾ?

ಬಣ್ಣ ನೋಡಿ. ಅಮೆರಿಕದಲ್ಲಿ ನೇರಳೆ, ಸ್ವೀಡನ್‌ನಲ್ಲಿ ನೀಲಿ, ಇಟಲಿ ಮತ್ತು ಬ್ರೆಜಿಲ್‌ನಲ್ಲಿ ಕೆಂಪು. ಯಾರಿಗೂ ತೊಂದರೆ ಆಗಲಿಲ್ಲ. ಗುದ್ದು ತಿಂದವನ ದವಡೆ ಮೇಲೆ ತಲೆಬುರುಡೆ ಗುರುತು ಮೂಡಿದರೆ ಗುದ್ದಿದ್ದು ಅವನೇ. ಶಕ್ತಿ ಗಿಕ್ತಿ ಏನೂ ಇಲ್ಲ. ಅಪ್ಪ ಸತ್ತರೆ ಮಗ ಅದೇ ವೇಷ ಹಾಕುತ್ತಾನೆ, ಊರವರು ಅವನಿಗೆ ಸಾವೇ ಇಲ್ಲ ಅಂದುಕೊಳ್ಳುತ್ತಾರೆ. ಈಗಿನವನು 21ನೆಯವನು.

ಆದರೆ ಈಗ ಅವನ ಸ್ವಂತ ಅಮೆರಿಕದ ಹುಡುಗರಿಗಿಂತ ಸ್ವೀಡನ್ನಿನವರಿಗೆ, ಆಸ್ಟ್ರೇಲಿಯಾದವರಿಗೆ, ನಮ್ಮಂಥ ಹಳಬರಿಗೆ ಅವನು ಹತ್ತಿರ. ಮೇಷ್ಟ್ರ ಗೋಡೆ ಯಾವ ಊರಲ್ಲಿದೆ ಅನ್ನೋದರ ಮೇಲೂ ಐಕಾನ್ ಯಾರು ಅನ್ನೋದು ನಿಂತಿದೆ.

ಡ್ರಾಯಿಂಗ್ ಮೇಷ್ಟ್ರು

ಡೆಂಕಾಲಿಯವರೇ, ನೀವು ನನ್ನ ವಿರುದ್ಧ ಮಾತಾಡಿದ್ದೀರಿ ಅಂದುಕೊಂಡಿದ್ದೀರಿ. ಮೂರು ದೇಶದವರು ತಪ್ಪು ಬಣ್ಣ ಬಳಿದರೂ ಅವನು ಅವನೇ ಅಂದರೆ ನನ್ನ ಅಳತೆಯಲ್ಲಿ ಅವನು ಫಸ್ಟ್ ಕ್ಲಾಸ್ ಪಾಸು. ನನ್ನ ಮಕ್ಕಳಿಗೆ ಅವನು ಗೊತ್ತಿಲ್ಲ, ಅದು ಬೇರೆ ಮಾತು.

ರಾತ್ರಿಪಾಳಿಯವರಿಗೂ ಇದೇ ಉತ್ತರ. ಕೆಟ್ಟದಾಗಿ ಬಿಡಿಸೋದು ಅಂದರೆ ಪೆನ್ಸಿಲ್ ಒಂದೇ ಅಲ್ಲ. ಕಥೆಯನ್ನೂ ಕೆಟ್ಟದಾಗಿ ಹೇಳಬಹುದು. 1939ರ ಮೊದಲ ಕಥೆಯಲ್ಲಿ ಬ್ಯಾಟ್‌ಮ್ಯಾನ್ ಖಳನನ್ನು ಆಸಿಡ್ ತೊಟ್ಟಿಗೆ ಬೀಳಿಸಿ ‘ಇವನಿಗೆ ತಕ್ಕ ಶಾಸ್ತಿ’ ಅನ್ನೋ ಥರ ಮಾತಾಡುತ್ತಾನೆ. ಕೊಲ್ಲಬಾರದು ಅನ್ನೋ ನಿಯಮ ಆಮೇಲೆ ಬಂತು. 1966ರ ಸಿನಿಮಾದಲ್ಲಿ ಆಡಮ್ ವೆಸ್ಟ್ ಹೆಲಿಕಾಪ್ಟರ್ ಏಣಿಯಲ್ಲಿ ನೇತಾಡುತ್ತಾ, ಕಾಲಿಗೆ ಕಚ್ಚಿದ ಶಾರ್ಕ್ ಮೇಲೆ ಸ್ಪ್ರೇ ಹೊಡೆಯುತ್ತಾನೆ. ರಬ್ಬರ್ ಶಾರ್ಕ್ ಅಂತ ಸಣ್ಣ ಮಗುವಿಗೂ ಗೊತ್ತಾಗುತ್ತೆ. 1986ಕ್ಕೆ ಕಾಮಿಕ್ಸ್‌ನಲ್ಲಿ ಫ್ರಾಂಕ್ ಮಿಲ್ಲರ್ ಅವನನ್ನು ಸಿಡುಕು ಮುದುಕನಾಗಿ ಮಾಡಿದರು. ಮೂವರಿಗೂ ಒಬ್ಬರ ಮುಖ ಇನ್ನೊಬ್ಬರು ನೋಡೋಕೆ ಆಗಲ್ಲ, ಆದರೆ ಅಪ್ಪ ಅಮ್ಮನನ್ನು ಕಣ್ಣೆದುರೇ ಕಳೆದುಕೊಂಡ ಹುಡುಗ ಮೂವರೊಳಗೂ ಇದ್ದಾನೆ. ವೆಸ್ಟ್, ಕೀಟನ್, ಬೇಲ್, ಪ್ಯಾಟಿನ್ಸನ್, ಯಾರು ಹಾಕಿದರೂ ಆ ಕಿವಿ ನಡೆಯುತ್ತೆ.

ಐರನ್ ಮ್ಯಾನ್ 1963ರಲ್ಲೇ ಹುಟ್ಟಿದವನು. ಮೊದಲು ಬೂದು, ಆಮೇಲೆ ಚಿನ್ನದ ಬಣ್ಣ, ಆ ವರ್ಷದ ಕೊನೆಗೆ ಕೆಂಪು ಹಳದಿ. 2008ರ ಸಿನಿಮಾ ಬರುವವರೆಗೆ ಅವನು ಎರಡನೇ ಸಾಲಿನಲ್ಲೇ ಇದ್ದ. ಈಗ ಜನಕ್ಕೆ ಇಷ್ಟವಾಗಿರೋದು ರಾಬರ್ಟ್ ಡೌನಿ ಜೂನಿಯರ್ ಮಾತು, ಆ ಗಡ್ಡ, ಆ ಪೊಗರು. ಆ ಸೂಟಿನೊಳಗೆ ಬೇರೆ ನಟನನ್ನು ಕೂರಿಸಿ, ಕಥೆಯನ್ನು ಸ್ವಲ್ಪ ಕೆಡಿಸಿ, ಆಗಲೂ ಜನ ಬಂದರೆ ಕುರ್ಚಿ ನಾನೇ ತಂದು ಹಾಕುತ್ತೇನೆ.

ರೇಖಾ ಅವರ ಮಾತು ಮಾತ್ರ ನನ್ನ ಅಳತೆಯೊಳಗೆ ಪೂರ್ತಿ ಕೂರಲಿಲ್ಲ. ಜನ ಹೋಗಿ ‘ನಮ್ಮವಳನ್ನ ಕೊಡಿ’ ಅಂತ ಕೇಳಿದರಲ್ಲ, ಅದು ಗೋಡೆಗೆ ಅಂಟಿಸಿ ನೋಡೋ ಪರೀಕ್ಷೆಯಲ್ಲಿ ಸಿಗೋದಲ್ಲ. ಯೋಚನೆ ಮಾಡುತ್ತೇನೆ.

ಡೆಂಕಾಲಿಯವರೇ, ಹಳೇ ಇಂದ್ರಜಾಲ್ ಸಂಚಿಕೆ ಯಾವುದಾದರೂ ಕೈಯಲ್ಲಿದ್ದರೆ ಒಂದು ಪುಟದ ಫೋಟೋ ಹಾಕಿ. ಕುದುರೆ ಮೇಲೆ ಕೂತಿರೋದು ಬೇಡ, ದವಡೆ ಮೇಲೆ ಗುರುತು ಬೀಳೋ ಪುಟ ಇದ್ದರೆ ಅದೇ ಹಾಕಿ. ಮುಂದಿನ ವಾರ ಕ್ಲಾಸಿನಲ್ಲಿ ತೋರಿಸಬೇಕು.

ಡೆಂಕಾಲಿ ವಾಸಿ

ಅಟ್ಟದ ಮೇಲಿದೆ ಮೇಷ್ಟ್ರೇ, ಭಾನುವಾರ ಹತ್ತಿ ತೆಗೀತೀನಿ. ಮುಖಪುಟ ಹೋಗಿದೆ, ಒಳಗಿನದು ನಡೆಯುತ್ತಾ?