ಬಚ್ಚಲುಮನೆಯ ರೆಡ್ ಆಕ್ಸೈಡ್ ನೆಲದಲ್ಲಿ ಬಿಳಿ ಪುಡಿ ಮತ್ತು ಬಿರುಕು: ಮೇಲೆ ಎಪಾಕ್ಸಿ ಬಳಿಸಬಹುದೇ?

ಪ್ರಶ್ನೆ (ತುಮಕೂರು)

ಎಲ್ಲರಿಗೂ ನಮಸ್ಕಾರ. ತುಮಕೂರಿನ ನಮ್ಮ ಹಳೆಯ ಮನೆಯ ಬಚ್ಚಲುಮನೆಯನ್ನು ಈ ಬೇಸಿಗೆಯಲ್ಲಿ ಹೊಸದಾಗಿ ಮಾಡಿಸಿದೆವು. ಟೈಲ್ಸ್ ಮೇಲೆ ತಾಯಿಯವರು ಎರಡು ಬಾರಿ ಜಾರಿ ಬಿದ್ದಿದ್ದರಿಂದ, ಅವರ ತವರುಮನೆಯಲ್ಲಿದ್ದಂಥ ಕೆಂಪು ಗಾರೆ ನೆಲವನ್ನೇ ಹಾಕಿಸಬೇಕೆಂದು ತೀರ್ಮಾನಿಸಿದೆವು. ಆರಡಿಗೆ ಎಂಟಡಿಯ ಜಾಗ. ಹಳೆಯ ಟೈಲ್ಸ್ ಕಿತ್ತು, ಎರಡು ಅಂಗುಲ ಜಲ್ಲಿ ಕಾಂಕ್ರೀಟ್ ಹಾಕಿ, ಅದರ ಮೇಲೆ ರೆಡ್ ಆಕ್ಸೈಡ್ ಬೆರೆಸಿದ ಗಾರೆಯನ್ನು ಮೇಸ್ತ್ರಿಯವರು ಕರಣೆಯಿಂದ ತಿಕ್ಕಿ ನುಣುಪು ಮಾಡಿಕೊಟ್ಟರು.

ಮೂರನೆಯ ವಾರದಿಂದ ತೊಂದರೆ ಶುರುವಾಯಿತು. ಹೊರಗೋಡೆಯ ಬುಡದುದ್ದಕ್ಕೂ ಒಂದು ಗೇಣು ಅಗಲಕ್ಕೆ ಸುಣ್ಣದಂಥ ಬಿಳಿ ಪುಡಿ ಏಳುತ್ತಿದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಮಾಯವಾಗುತ್ತದೆ, ನೆಲ ಒಣಗಿದ ಮೇಲೆ ಮತ್ತೆ ಕಾಣಿಸುತ್ತದೆ. ನಡುಭಾಗದಲ್ಲಿ ಜೇಡರ ಬಲೆಯಂಥ ಕೂದಲೆಳೆ ಬಿರುಕುಗಳಿವೆ. ನಹಾನಿ ಟ್ರ್ಯಾಪಿನ (ಬಚ್ಚಲಿನ ನೀರು ಇಳಿದುಹೋಗುವ ಜಾಲರಿ ಕಿಂಡಿಯ) ಮೂಲೆಯಿಂದ ಒಂದೂವರೆ ಅಡಿ ಉದ್ದದ ನೇರ ಬಿರುಕೊಂದು ಬೇರೆ ಬಿಟ್ಟಿದೆ. ಮೇಣದ ಪಾಲಿಶ್ ಮಾಡಿಸಿದರೆ ಸಾಕೆಂದು ಮೇಸ್ತ್ರಿ ಹೇಳುತ್ತಾರೆ. ಎಪಾಕ್ಸಿ (ನೀರು ಬಿಡದ ಗಟ್ಟಿ ರಾಳದ ಲೇಪ) ಬಳಿಸಿದರೆ ಎಲ್ಲವೂ ಮುಚ್ಚಿಹೋಗುತ್ತದೆ ಎಂದು ಬಣ್ಣದ ಅಂಗಡಿಯವರು ಹೇಳುತ್ತಾರೆ. ಯಾವುದನ್ನು ಮಾಡಿಸಲಿ?

ಉತ್ತರ (ಕೋಲಾರ)

ಎರಡನ್ನೂ ಸದ್ಯಕ್ಕೆ ಮಾಡಿಸಬೇಡಿ. ಈ ಕಡೆಯ ಮನೆಗಳಲ್ಲಿ ಬಹಳ ವರ್ಷ ಗಾರೆ ನೆಲದ ಕೆಲಸ ಮಾಡಿಸಿದವನಾಗಿ ಹೇಳುತ್ತಿದ್ದೇನೆ: ನೀವು ಬರೆದಿರುವುದು ಒಂದು ತೊಂದರೆಯಲ್ಲ, ಮೂರು ಬೇರೆ ಬೇರೆ ತೊಂದರೆಗಳು. ಮೊದಲು ಮೂರು ಪರೀಕ್ಷೆಗಳನ್ನು ಮಾಡಿ ನೋಡಿ.

ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯೊಂದನ್ನು ಗೋಡೆಯ ಬುಡದಲ್ಲಿ, ಇನ್ನೊಂದನ್ನು ನಡುವೆ, ಒಣಗಿದ ನೆಲಕ್ಕೆ ನಾಲ್ಕೂ ಕಡೆ ಟೇಪ್ ಹಚ್ಚಿ ಅಂಟಿಸಿ, ಕನಿಷ್ಠ 16 ಗಂಟೆ ಬಿಟ್ಟು, ಹಾಳೆಯ ಅಡಿಯಲ್ಲಿ ಹನಿ ಕಟ್ಟಿದೆಯೇ ನೋಡಿ. ಬಿಳಿ ಪುಡಿಯನ್ನು ಬ್ಲೇಡಿನಿಂದ ಕೆರೆದು ಚಮಚದಲ್ಲಿಟ್ಟು ಎರಡು ಹನಿ ವಿನೆಗರ್ ಬಿಡಿ. ನೆಲದ ಮೇಲೇ ವಿನೆಗರ್ ಬಿಟ್ಟರೆ ಸಿಮೆಂಟೇ ನೊರೆ ಎಬ್ಬಿಸಬಹುದಾದ್ದರಿಂದ ಪುಡಿಯನ್ನು ಬೇರೆ ಮಾಡಿಕೊಳ್ಳುವುದು ಮುಖ್ಯ. ಕೊನೆಯದಾಗಿ ದಪ್ಪ ನಾಣ್ಯದಿಂದ ನೆಲವನ್ನೆಲ್ಲ ತಟ್ಟುತ್ತ ಹೋಗಿ, ಎಲ್ಲೆಲ್ಲಿ ಟೊಳ್ಳು ಸದ್ದು ಬರುತ್ತದೆಯೋ ಅಲ್ಲಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆಯಿರಿ.

ಕಾಂಕ್ರೀಟಿಗೂ ಮೇಲಿನ ಗಾರೆಗೂ ನಡುವೆ ಎಷ್ಟು ದಿನ ಬಿಟ್ಟಿದ್ದರು, ಎಷ್ಟು ದಿನ ನೀರು ಹಿಡಿಸಿದರು, ಗೋಡೆಯ ಆಚೆ ಏನಿದೆ ಎಂಬುದನ್ನೂ ತಿಳಿಸಿ.

ಉತ್ತರ (ಚಿಂತಾಮಣಿ)

ನಮ್ಮ ಮನೆಯಲ್ಲಿಯೂ ಹೀಗೆಯೇ ಆಗಿತ್ತು. ಬಚ್ಚಲು ತೊಳೆಯುವ ಆಸಿಡ್ ಹಾಕಿ ಉಜ್ಜಿಸಿದೆವು. ಬಿಳಿ ಒಂದೇ ಸಲಕ್ಕೆ ಹೋಯಿತು. ನೀವೂ ಮಾಡಿ ನೋಡಬಹುದು.

ಉತ್ತರ (ಕೋಲಾರ)

ದಯವಿಟ್ಟು ಆಸಿಡ್ ಹಾಕಬೇಡಿ. ಆಕ್ಸೈಡ್ ಎಂದರೆ ಕಬ್ಬಿಣದ ತುಕ್ಕಿನ ಜಾತಿಯ ಬಣ್ಣ. ಅದು ಸುಲಭವಾಗಿ ಮಾಸುವುದಿಲ್ಲ. ಆದರೆ ಬಣ್ಣವನ್ನು ಹಿಡಿದಿರುವ ಸಿಮೆಂಟನ್ನು ಆಸಿಡ್ ತಿನ್ನುತ್ತದೆ. ಬಿಳಿ ಹೋದಂತೆ ಕಂಡರೂ ನೆಲದ ಮೈ ಒರಟಾಗಿ, ಸಣ್ಣ ರಂಧ್ರಗಳು ಬಾಯಿ ತೆರೆದು, ಮುಂದೆ ನೀರನ್ನು ಇನ್ನೂ ಹೆಚ್ಚು ಕುಡಿಯುತ್ತದೆ.

ಪ್ರಶ್ನೆ ಕೇಳಿದವರು

ಮೂರೂ ಪರೀಕ್ಷೆಗಳನ್ನು ಮಾಡಿದೆ. ನಡುವಿನ ಹಾಳೆಯ ಅಡಿ ಒಣಗಿತ್ತು. ಗೋಡೆಯ ಬುಡದ ಹಾಳೆಯ ಅಡಿಯಲ್ಲಿ ಬೆಳಿಗ್ಗೆ ಸಾಸಿವೆ ಕಾಳಿನಷ್ಟು ದಪ್ಪ ಹನಿಗಳು ಸಾಲುಗಟ್ಟಿದ್ದವು. ಚಮಚದಲ್ಲಿದ್ದ ಪುಡಿ ವಿನೆಗರ್ ಬಿದ್ದ ಕೂಡಲೇ ನೊರೆಯಾಯಿತು. ಟ್ರ್ಯಾಪಿನ ಸುತ್ತ ಒಂದು ಮೊರದಷ್ಟು ಜಾಗದಲ್ಲಿ ಟೊಳ್ಳು ಸದ್ದು ಬರುತ್ತಿದೆ, ಉದ್ದ ಬಿರುಕು ಅದರೊಳಗೇ ಇದೆ. ಕಾಂಕ್ರೀಟ್ ಹಾಕಿ ನಾಲ್ಕು ದಿನ ಬಿಟ್ಟು ಗಾರೆ ಹಾಕಿದರು. ಮೇಲೆ ಒಣ ಸಿಮೆಂಟ್ ಮತ್ತು ಆಕ್ಸೈಡ್ ಪುಡಿಯನ್ನು ಉದುರಿಸಿ ತಿಕ್ಕಿದರು. ಬೋರ್‌ವೆಲ್ ನೀರನ್ನು ಮೂರು ದಿನ ಹೊಡೆದರು. ಗೋಡೆಯ ಆಚೆ ಬಟ್ಟೆ ಒಗೆಯುವ ಕಲ್ಲಿದೆ. ಅಲ್ಲಿ ನೀರು ನಿಲ್ಲುತ್ತದೆ.

ಉತ್ತರ (ಕೋಲಾರ)

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಧನ್ಯವಾದ. ನಿಮ್ಮ ಬಿಳಿ ಪುಡಿಯ ಮೂಲ ಆ ಒಗೆಯುವ ಕಲ್ಲು. ಸಿಮೆಂಟ್ ಗಟ್ಟಿಯಾಗುವಾಗ ಅದರೊಳಗೆ ಸುಣ್ಣ ಹುಟ್ಟುತ್ತದೆ; ಆಚೆಯಿಂದ ಬರುವ ತೇವ ಆ ಸುಣ್ಣವನ್ನು ಕರಗಿಸಿಕೊಂಡು ಮೇಲೆ ತರುತ್ತದೆ, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಸೇರಿ ಅದು ಬಿಳಿಯಾಗಿ ಕೂರುತ್ತದೆ. ವಿನೆಗರಿಗೆ ನೊರೆ ಎದ್ದದ್ದೂ ಅದರಿಂದಲೇ. ಒದ್ದೆ ಬಟ್ಟೆಗೆ ಅದು ಪೂರ್ತಿ ಹೋಗಿರುವುದಿಲ್ಲ. ನೆಲ ಒದ್ದೆಯಾಗಿರುವಷ್ಟು ಹೊತ್ತು ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ. ಈ ಸ್ಥಿತಿಯಲ್ಲಿ ಎಪಾಕ್ಸಿ ಬಳಿಸಿದರೆ ಕೆಳಗಿನ ತೇವಕ್ಕೆ ಹೊರಬರಲು ದಾರಿಯಿಲ್ಲದೆ ಬಳಿದ ಪದರ ಗುಳ್ಳೆ ಎದ್ದು ಸುಲಿಯುತ್ತದೆ. ಮೇಣದಿಂದ ತೇವ ನಿಲ್ಲುವುದಿಲ್ಲ. ಜೊತೆಗೆ ತಾಯಿಯವರು ಯಾವ ಭಯದಿಂದ ಟೈಲ್ಸ್ ತೆಗೆಸಿದರೋ ಅದೇ ಜಾರಿಕೆಯನ್ನು ಮತ್ತೆ ತಂದುಕೊಂಡಂತಾಗುತ್ತದೆ.

ಜೇಡರ ಬಲೆಯ ಬಿರುಕಿಗೆ ಒಣ ಪುಡಿ ಉದುರಿಸಿದ್ದೇ ಕಾರಣ. ಮೇಲ್ಪದರದಲ್ಲಿ ಸಿಮೆಂಟಿನ ಅಂಶ ಅತಿಯಾಗಿ, ಬಿಸಿಲುಗಾಲದಲ್ಲಿ ಬೇಗ ಒಣಗಿ, ಕೆಳಗಿನ ಪದರಕ್ಕಿಂತ ಹೆಚ್ಚು ಕುಗ್ಗಿದೆ. ಮೂರು ದಿನದ ನೀರು ಏನೇನೂ ಸಾಲದು: ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456ರ ಪ್ರಕಾರ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಈಗ ಎಲ್ಲರೂ ತರುವ ಪಿಪಿಸಿಯಂಥ (ಹಾರುಬೂದಿ ಮುಂತಾದವನ್ನು ಬೆರೆಸಿದ) ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ ತೇವ ಆರಬಾರದು. ಆದರೂ ಉಗುರಿಗೆ ಸಿಗದ ಈ ಬಿರುಕುಗಳಿಗೆ ನೆಲ ಕೀಳುವ ಅಗತ್ಯವಿಲ್ಲ.

ಕೀಳಬೇಕಾದದ್ದು ಟ್ರ್ಯಾಪಿನ ಸುತ್ತಲಿನ ಮೊರದಷ್ಟು ಜಾಗ. ಕಾಂಕ್ರೀಟ್ ಹಸಿಯಾಗಿರುವಾಗಲೇ ಮೇಲಿನ ಗಾರೆ ಬೀಳಬೇಕು. ಇಲ್ಲವಾದರೆ ಕಾಂಕ್ರೀಟಿನ ಮೈಯನ್ನು ಉಳಿಯಿಂದ ಒರಟು ಮಾಡಿ, ಧೂಳು ತೊಳೆದು, ರಾತ್ರಿಯಿಡೀ ನೆನೆಸಿ, ಸಿಮೆಂಟ್ ಹಾಲು ಬಳಿದು, ಅದು ಒಣಗುವ ಮೊದಲೇ ಗಾರೆ ಹಾಕಬೇಕು. ನಿಮ್ಮಲ್ಲಿ ಎರಡೂ ಆದಂತೆ ಕಾಣುವುದಿಲ್ಲ, ಪದರಗಳು ಬಿಟ್ಟುಕೊಂಡಿವೆ.

ಕೆಲಸವನ್ನು ಹೊರಗಿನಿಂದ ಶುರು ಮಾಡಿ. ಒಗೆಯುವ ಕಲ್ಲನ್ನು ಗೋಡೆಯಿಂದ ದೂರ ಸರಿಸಿ, ಗೋಡೆಯ ಬುಡದಲ್ಲಿ ನೀರು ಆಚೆ ಹರಿಯುವಂತೆ ವಾಟ ಕೊಡಿಸಿ. ಆಮೇಲೆ ನೆಲವನ್ನು ಒಣಗಲು ಬಿಟ್ಟು, ಪ್ಲಾಸ್ಟಿಕ್ ಹಾಳೆಯಲ್ಲಿ ಹನಿ ಕಟ್ಟುವುದು ನಿಂತ ಮೇಲಷ್ಟೇ ಒಳಗಿನ ಕೆಲಸಕ್ಕೆ ಕೈ ಹಾಕಿ. ಎಷ್ಟು ವಾರವಾದರೂ ಸರಿ, ಇಲ್ಲಿ ಅವಸರ ಮಾಡಬೇಡಿ.

ಟ್ರ್ಯಾಪಿನ ಸುತ್ತ ಕಟಿಂಗ್ ಯಂತ್ರದಿಂದ ನೇರ ಚೌಕವಾಗಿ ಕತ್ತರಿಸಿ ತೆಗೆಸಿ, ಸಿಮೆಂಟ್ ಬೆರೆಸುವ ಅಕ್ರಿಲಿಕ್ ವಾಟರ್ ಪ್ರೂಫಿಂಗನ್ನು ಎರಡು ಕೈ ಬಳಿಸಿ, ಟ್ರ್ಯಾಪ್ ಮುಚ್ಚಿ ಒಂದು ಅಂಗುಲ ನೀರು ಕಟ್ಟಿ 24 ಗಂಟೆ ನೋಡಿ. ಹೊಸ ಕೆಂಪು ಹಳೆಯ ಕೆಂಪಿಗೆ ಎಂದಿಗೂ ಹೊಂದುವುದಿಲ್ಲ, ತೇಪೆ ಎದ್ದು ಕಾಣುತ್ತದೆ. ಆದ್ದರಿಂದ ಆ ಚೌಕಕ್ಕೆ ಕಪ್ಪು ಆಕ್ಸೈಡ್ ಹಾಕಿಸಿ. ಹಳೆಯ ಮನೆಗಳಲ್ಲಿ ಕೆಂಪು ನೆಲಕ್ಕೆ ಕಪ್ಪು ಅಂಚು ಇಡುತ್ತಿದ್ದುದನ್ನು ನೀವು ನೋಡಿರಬಹುದು, ಅದು ಬೇಕೆಂದೇ ಮಾಡಿಸಿದಂತೆ ಕಾಣುತ್ತದೆ. 50 ಕೆ.ಜಿ. ಸಿಮೆಂಟಿಗೆ 5 ಕೆ.ಜಿ.ಗಿಂತ ಹೆಚ್ಚು ಆಕ್ಸೈಡ್ ಬೇಡ. ಸೋಪು ನೊರೆ ಕೊಡದಷ್ಟು ಗಡಸಾದ ಬೋರ್‌ವೆಲ್ ನೀರಿನ ಬದಲು ಕುಡಿಯುವ ನೀರಿನಲ್ಲಿಯೇ ಕಲಸಿಸಿ. ಟ್ರ್ಯಾಪಿನ ಕಡೆಗೆ ಮೀಟರಿಗೆ 2 ಸೆಂ.ಮೀ. ವಾಟ ಇರಲಿ.

ಪ್ರಶ್ನೆ ಕೇಳಿದವರು

ಕಲ್ಲನ್ನು ನಿನ್ನೆಯೇ ಸರಿಸಿದೆವು. ಕಪ್ಪು ಚೌಕದ ಮಾತು ಕೇಳಿ ತಾಯಿಯವರಿಗೆ ಬಹಳ ಸಂತೋಷವಾಗಿದೆ. ಆ ಚೌಕವನ್ನೂ ಕರಣೆಯಿಂದ ನುಣುಪು ಮಾಡಿಸಬೇಕೇ?

ಉತ್ತರ (ಕೋಲಾರ)

ಬೇಡ. ಸೋಪಿನ ನೀರು ಹರಿಯುವ ಜಾಗವದು, ನುಣುಪಾದರೆ ಗಾರೆ ನೆಲವೂ ಟೈಲ್ಸಿನಷ್ಟೇ ಜಾರುತ್ತದೆ. ಮರದ ಹಲಗೆಯಿಂದ ಉಜ್ಜಿ, ಅಂಗಾಲಿಗೆ ತರಿ ತಾಗುವಷ್ಟು ಒರಟಾಗಿ ಬಿಡಿಸಿ, 10 ದಿನ ಒದ್ದೆ ಗೋಣಿಚೀಲ ಹೊದಿಸಿಡಿ.