ನೀರಿನ ಮೀಟರ್ ಚಿಪ್‌ಗೆ 180 ನ್ಯಾನೋಮೀಟರ್ ಸಾಕಾ, 28 ಬೇಕಾ?

ಎಚ್‌ಎಸ್‌ಆರ್ ಲೇಔಟ್‌ನಲ್ಲಿ ನಾವು ಐದು ಜನರ ತಂಡ. ಅಪಾರ್ಟ್‌ಮೆಂಟ್‌ಗಳ ನೀರಿನ ಮೀಟರಿಗೆ ಚಿಪ್ ಮಾಡುತ್ತಿದ್ದೇವೆ. 180, 28 ಅಂದರೆ ಚಿಪ್ ತಯಾರಿಕೆಯ ಪೀಳಿಗೆ (ನೋಡ್); ಅಂಕಿ ಚಿಕ್ಕದಾದಷ್ಟೂ ಟ್ರಾನ್ಸಿಸ್ಟರ್ ಚಿಕ್ಕದು. ಸಣ್ಣ ಪ್ರೊಸೆಸರ್, ಸೆನ್ಸರಿನ ವೋಲ್ಟೇಜನ್ನು ಅಂಕಿಯಾಗಿಸುವ ಒಂದು ಎಡಿಸಿ. ಬ್ಯಾಟರಿ ಹತ್ತು ವರ್ಷ ಬರಬೇಕು. ದುಡ್ಡು ಹಾಕುವವರು "28 ಅಂದ್ರೆ ಕೇಳೋಕೆ ಚೆನ್ನಾಗಿರುತ್ತೆ" ಎನ್ನುತ್ತಾರೆ. ಮಾಡಿ ನೋಡಿದವರು ಹೇಳಿ.

*

ಕೇಳೋಕೆ ಚೆನ್ನಾಗಿರುತ್ತೆ, ಬ್ಯಾಟರಿಗೆ ಅಲ್ಲ. ಹಿಂದಿನ ಕಂಪನಿಯಲ್ಲಿ ಇಂಥದ್ದೇ ಸೆನ್ಸರ್ ಚಿಪ್ಪನ್ನು 40 ನ್ಯಾನೋಮೀಟರಿನಲ್ಲಿ ಮಾಡಿ ಕೈ ಸುಟ್ಟುಕೊಂಡೆವು. ಕೆಲಸ ಮಾಡುವಾಗ ಪವರ್ ನಿಜಕ್ಕೂ ಕಮ್ಮಿ. ಆದರೆ ಮೀಟರ್ ಚಿಪ್ ದಿನದ ಬಹುಪಾಲು ನಿದ್ದೆಯಲ್ಲೇ ಇರುತ್ತದೆ, ಅಲ್ವಾ? ಟ್ರಾನ್ಸಿಸ್ಟರ್ ಚಿಕ್ಕದಾದ ಹಾಗೆ ಆಫ್ ಇದ್ದಾಗಲೂ ಕರೆಂಟ್ ಸೋರುತ್ತದೆ. ಬಿಸಿಗೆ ಇನ್ನೂ ಜಾಸ್ತಿ. ಲ್ಯಾಬಿನ ಎಸಿಯಲ್ಲಿ ಸರಿಯಿದ್ದ ಲೀಕೇಜ್, ಏಪ್ರಿಲ್‌ನಲ್ಲಿ ತಾರಸಿ ಮೇಲಿನ ಡಬ್ಬಿಯೊಳಗೆ ಹಲವು ಪಟ್ಟಾಯಿತು. ಲೆಕ್ಕ ಹಾಕಿ: 220 ಮಿಲಿಆಂಪ್ ಅವರ್ ಸೆಲ್‌ನಿಂದ 1 ಮೈಕ್ರೋಆಂಪ್ ಎಳೆದರೆ ಕಾಗದದ ಮೇಲೆ 25 ವರ್ಷ, 10 ಎಳೆದರೆ ಎರಡೂವರೆ. ಬೇಡದ ಭಾಗಕ್ಕೆ ಕರೆಂಟ್ ಕಡಿಯುವ ಪವರ್ ಗೇಟಿಂಗ್, ಕಮ್ಮಿ ಸೋರುವ ಎಚ್‌ವಿಟಿ ಸೆಲ್ ಎಲ್ಲ ಹಾಕಿದ್ದೆವು. ಆದರೆ ನಿದ್ದೆಯಲ್ಲೂ ಡೇಟಾ ಹಿಡಿದಿಡಬೇಕಾದ ಎಸ್‌ರ್ಯಾಮ್ ಮೆಮೊರಿ ಆಫ್ ಮಾಡೋಕಾಗಲ್ಲ. ನಾವು ಸಿಕ್ಕಿಬಿದ್ದದ್ದು ಅಲ್ಲೇ.

*

ನಾನು ಅನಲಾಗ್ ಕಡೆಯವನು. ಡಿಜಿಟಲ್ ಗೇಟ್‌ಗಳು ಕುಗ್ಗಿದ ಹಾಗೆ ಎಡಿಸಿ ಕುಗ್ಗುವುದಿಲ್ಲ. ನಾಯ್ಸ್‌ಗೆ, ಮ್ಯಾಚಿಂಗ್‌ಗೆ (ಒಂದಕ್ಕೊಂದು ಸರಿಹೊಂದೋಕೆ) ಕೆಪಾಸಿಟರ್ ಇಷ್ಟು ದೊಡ್ಡದು ಬೇಕು ಅಂದರೆ ಬೇಕೇ. 180ರಲ್ಲಿ ಕೋರ್‌ಗೆ 1.8 ವೋಲ್ಟ್ ಸಿಗುತ್ತದೆ, 28ರಲ್ಲಿ ಸುಮಾರು 0.9. ಅಷ್ಟರಲ್ಲಿ ಸರ್ಕ್ಯೂಟ್ ಕೂರಿಸುವುದು ತಲೆನೋವು.

ಅಂದಹಾಗೆ, ಪ್ಯಾಡ್ (ಹೊರಗಿನ ತಂತಿ ಕೂರುವ ಜಾಗ) ಎಣಿಸಿದ್ದೀರಾ? ಸುತ್ತ ಪ್ಯಾಡ್ ಕೂತ ಮೇಲೆ ಡೈ (ಚಿಪ್ಪಿನ ಸಿಲಿಕಾನ್ ತುಂಡು) ಅದಕ್ಕಿಂತ ಚಿಕ್ಕದಾಗುವುದಿಲ್ಲ. 30-40 ಸೈಟಿನಲ್ಲಿ ಒಂದೇ ರೂಮ್ ಕಟ್ಟಿದ ಹಾಗೆ. ರೂಮ್ ಇನ್ನೂ ಚಿಕ್ಕದು ಮಾಡಿದರೆ ಸೈಟಿನ ರೇಟ್ ಇಳಿಯುತ್ತಾ? ಮೇಲಿಂದ 28ರ ಮಾಸ್ಕ್ ಸೆಟ್ (ಚಿಪ್ ಅಚ್ಚೊತ್ತುವ ಪಡಿಯಚ್ಚುಗಳು) ಎಷ್ಟೋ ಪಟ್ಟು ದುಬಾರಿ. ಮೊದಲ ಚಿಪ್ ಕೈಕೊಟ್ಟರೆ ಆ ದುಡ್ಡು ಮತ್ತೆ ಸುರಿಯಬೇಕು.

*

ಇಬ್ಬರೂ ಚಿಕ್ಕ ನೋಡ್‌ಗಳನ್ನು ಸ್ವಲ್ಪ ಜಾಸ್ತಿನೇ ಬೈದಿರಿ. ಮುಂದೆ ಪೈಪಿನ ಸೋರಿಕೆ ಗುರುತಿಸುವ ಎಐ ಮಾಡೆಲ್ ಮೀಟರಿನಲ್ಲೇ ಓಡಿಸುವ ಯೋಚನೆ ಇದ್ದರೆ ಮೆಮೊರಿ ಬೆಳೆಯುತ್ತದೆ, 180 ಹಿಡಿಸುವುದಿಲ್ಲ. ಆಗ 22 ನ್ಯಾನೋಮೀಟರಿನ ಎಫ್‌ಡಿ-ಎಸ್‌ಒಐ (ಇನ್ಸುಲೇಟರ್ ಪದರದ ಮೇಲೆ ಟ್ರಾನ್ಸಿಸ್ಟರ್ ಕೂರಿಸುವ ಬಗೆ) ನೋಡಿ. ಟ್ರಾನ್ಸಿಸ್ಟರಿನ ತಳಕ್ಕೆ ವೋಲ್ಟೇಜ್ (ಬಾಡಿ ಬಯಾಸ್) ಕೊಟ್ಟು ನಿದ್ದೆಯ ಲೀಕೇಜ್ ಇಳಿಸಬಹುದು.

ಆ ಯೋಚನೆ ಇಲ್ಲದಿದ್ದರೆ 180 ಸಾಕು. ಮೊಹಾಲಿಯ ಸರ್ಕಾರಿ ಚಿಪ್ ಕಾರ್ಖಾನೆ ಎಸ್‌ಸಿಎಲ್‌ನಲ್ಲೂ ಅದಿದೆ, ಐಐಟಿ ಮದ್ರಾಸಿನ ಶಕ್ತಿ ಪ್ರೊಸೆಸರ್ ಒಂದು 2018ರಲ್ಲಿ ಅಲ್ಲೇ ತಯಾರಾಗಿತ್ತು. ಸುಮ್ನೆ ಕೈ ಪಳಗಿಸೋಕೆ ಅಮೆರಿಕದ ಚಿಪ್ ತಯಾರಕ ಸ್ಕೈವಾಟರ್‌ನ 130 ನ್ಯಾನೋಮೀಟರ್ ಪಿಡಿಕೆ (ವಿನ್ಯಾಸಕ್ಕೆ ಬೇಕಾದ ಕಾರ್ಖಾನೆಯ ಮಾಹಿತಿ) 2020ರಿಂದ ಎಲ್ಲರಿಗೂ ತೆರೆದಿದೆ, ಗೋಪ್ಯತೆಯ ಒಪ್ಪಂದ (ಎನ್‌ಡಿಎ) ಬೇಡ. ಮೊದಲ ಸಲ ಹಲವರ ಚಿಪ್ ಒಟ್ಟಿಗೇ ತಯಾರಾಗುವ ಶಟಲ್‌ನಲ್ಲೇ ಹೋಗಿ, ಮಾಸ್ಕ್ ಖರ್ಚು ಹಂಚಿಹೋಗುತ್ತದೆ. ಫೌಂಡ್ರಿ (ಚಿಪ್ ತಯಾರಿಸುವ ಕಾರ್ಖಾನೆ) ಆರಿಸುವ ಮುಂಚೆ ಫ್ಲ್ಯಾಶ್ ಐಪಿ (ಪವರ್ ಹೋದರೂ ಡೇಟಾ ಉಳಿಸುವ ಮೆಮೊರಿಯ ಸಿದ್ಧ ವಿನ್ಯಾಸ) ಇದೆಯಾ ಕೇಳಿ. ಪ್ರತಿ ಮೀಟರಿನ ಕ್ಯಾಲಿಬ್ರೇಷನ್ ಅಂಕಿ ಎಲ್ಲಾದರೂ ಇಡಲೇಬೇಕಲ್ಲ.