ಪಾಲೆ ಕೆತ್ತೆಯ ಕಷಾಯ: ಇಲಿಗಳ ಮೇಲಿನ ಪರೀಕ್ಷೆಯನ್ನು ಹೇಗೆ ಓದಬೇಕು?

ಪ್ರಶ್ನೆ (ಬ್ರಹ್ಮಾವರದಿಂದ)

ಆಟಿ (ತುಳುನಾಡಿನ ಮಳೆಗಾಲದ ತಿಂಗಳು) ಅಮಾವಾಸ್ಯೆಯ ಬೆಳಿಗ್ಗೆ ಪಾಲೆ (ಸಪ್ತಪರ್ಣಿ) ಮರದ ಕೆತ್ತೆಯ, ಅಂದರೆ ತೊಗಟೆಯ, ಕಷಾಯವನ್ನು ಖಾಲಿ ಹೊಟ್ಟೆಯಲ್ಲಿ ಕುಡಿದು, ಆಮೇಲೆ ಮೆಂತೆ ಗಂಜಿ ಉಣ್ಣುವ ಕ್ರಮ ನಮ್ಮ ಮನೆಯಲ್ಲಿ ಹಿಂದಿನಿಂದಲೂ ಇದೆ. ಈ ವರ್ಷ ಅತ್ತಿಗೆ ಐದು ತಿಂಗಳ ಬಸುರಿ. ಕಾಲು ಲೋಟ ಕೊಟ್ಟರೆ ಏನೂ ಆಗುವುದಿಲ್ಲ ಎನ್ನುವುದು ಅಮ್ಮನ ಅಭಿಪ್ರಾಯ. ಅಣ್ಣ ಒಂದು ಸಂಶೋಧನಾ ಲೇಖನದ ಸಾರಾಂಶವನ್ನು ತೋರಿಸಿದ. ಈ ಕೆತ್ತೆಯ ಸಾರವನ್ನು ಪ್ರಯೋಗಾಲಯದ ಪ್ರಾಣಿಗಳಿಗೆ ದೇಹತೂಕದ ಪ್ರತಿ ಕಿಲೋಗ್ರಾಂಗೆ 2000 ಮಿಲಿಗ್ರಾಂವರೆಗೆ ಬಾಯಿಯ ಮೂಲಕ ಕೊಟ್ಟರೂ ವಿಷವಾಗಲಿಲ್ಲ ಎಂದು ಅದರಲ್ಲಿದೆ. ಹಾಗಾದರೆ 60 ಕಿಲೋ ತೂಕದವರಿಗೆ 120 ಗ್ರಾಂವರೆಗೂ ಭಯವಿಲ್ಲ ಎಂಬುದು ಅವನ ಲೆಕ್ಕ. ಈ ಲೆಕ್ಕ ಸರಿಯೇ? ಪ್ರಾಣಿಗಳಿಗೆ ವಿಷವಾಗಲಿಲ್ಲ ಎಂಬುದನ್ನು ನಮಗೆ ಸುರಕ್ಷಿತ ಎಂದು ತಿಳಿಯಬಹುದೇ? ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ (ದೇರಳಕಟ್ಟೆಯಿಂದ, ಔಷಧಶಾಸ್ತ್ರದ ಅಧ್ಯಾಪಕ)

ಮೊದಲನೆಯದಾಗಿ, ನಿಮ್ಮ ಅತ್ತಿಗೆಗೆ ಈ ಕಷಾಯ ಬೇಡ. ಕಾರಣವನ್ನು ಕೆಳಗೆ ಬರೆದಿದ್ದೇನೆ.

ನಿಮ್ಮ ಅಣ್ಣ ನೋಡಿರುವುದು ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನವಿರಬೇಕು. ಅದರಿಂದ ಆ ಒಂದು ಸಾಲನ್ನು ಮಾತ್ರ ಎತ್ತಿಕೊಂಡರೆ ಉಳಿದದ್ದೆಲ್ಲ ಕೈಬಿಟ್ಟು ಹೋಗುತ್ತದೆ. ಅವರು ಪರೀಕ್ಷಿಸಿದ್ದು ನೀರಿನಲ್ಲಿ ಕುದಿಸಿದ ಕಷಾಯವನ್ನಲ್ಲ, ನೀರು ಮತ್ತು ಆಲ್ಕೋಹಾಲ್ ಬೆರೆಸಿ ತೆಗೆದ ಸಾರವನ್ನು. ಅದೇ ಸಾರವನ್ನು ಹೊಟ್ಟೆಯ ಪೊರೆಯೊಳಕ್ಕೆ ಚುಚ್ಚಿದಾಗ ಪ್ರತಿ ಕಿಲೋಗೆ 1100 ಮಿಲಿಗ್ರಾಂ ಪ್ರಮಾಣದಲ್ಲಿ ಹೆಚ್ಚಿನ ಪ್ರಾಣಿಗಳು ಸತ್ತವು. ಸುಂಡಿಲಿಗಳ ಒಂದು ತಳಿಗೂ ಇನ್ನೊಂದು ತಳಿಗೂ ವ್ಯತ್ಯಾಸ ಕಂಡಿತು. ಸುಂಡಿಲಿಗಳಿಗಿಂತ ಇಲಿಗಳು ಹೆಚ್ಚು ಸೂಕ್ಷ್ಮವೆಂದು ತಿಳಿಯಿತು. ಕೆತ್ತೆಯನ್ನು ಯಾವ ಕಾಲದಲ್ಲಿ ತೆಗೆದರು ಎಂಬುದರ ಮೇಲೂ ವಿಷದ ತೀವ್ರತೆ ಬದಲಾಯಿತು: ಬೇಸಿಗೆಯಲ್ಲಿ ತೆಗೆದದ್ದು ಎಲ್ಲಕ್ಕಿಂತ ತೀವ್ರ, ಚಳಿಗಾಲದ್ದು ಅದಕ್ಕಿಂತ ಕಡಿಮೆ, ಮಳೆಗಾಲದ್ದು ಅತ್ಯಂತ ಕಡಿಮೆ.

ಇನ್ನು ಲೆಕ್ಕದ ವಿಷಯ. ಸಣ್ಣ ಪ್ರಾಣಿಯ ಚಯಾಪಚಯ ನಮ್ಮದಕ್ಕಿಂತ ಬಹಳ ವೇಗವಾದುದರಿಂದ ಕಿಲೋಗೆ ಕಿಲೋ ಗುಣಿಸುವುದು ತಪ್ಪು. ದೇಹದ ಮೇಲ್ಮೈ ವಿಸ್ತೀರ್ಣವನ್ನು ಆಧರಿಸಿದ ರೂಢಿಯ ಲೆಕ್ಕದಲ್ಲಿ ಸುಂಡಿಲಿಯ ಪ್ರಮಾಣವನ್ನು ಸುಮಾರು 12ರಿಂದಲೂ ಇಲಿಯದನ್ನು ಸುಮಾರು 6ರಿಂದಲೂ ಭಾಗಿಸಿ, ಬಂದದ್ದನ್ನು ಸುರಕ್ಷತೆಗಾಗಿ ಕನಿಷ್ಠ 10ರಿಂದ ಮತ್ತೆ ಭಾಗಿಸುತ್ತಾರೆ. ಸುಂಡಿಲಿಯ ಲೆಕ್ಕ ಹಿಡಿದರೆ ನಿಮ್ಮ ಅಣ್ಣನ 120 ಗ್ರಾಂ ಒಂದು ಗ್ರಾಂನ ಆಸುಪಾಸಿಗೆ ಇಳಿಯುತ್ತದೆ. ಅದೂ ಒಣಗಿಸಿದ ಸಾರದ ತೂಕ, ಲೋಟದಲ್ಲಿರುವ ಕಷಾಯದ್ದಲ್ಲ. ಮೇಲಾಗಿ ಈ ಭಾಗಾಕಾರವನ್ನು ಮಾಡಬೇಕಾದದ್ದು ಅನೇಕ ದಿನ ಕೊಟ್ಟರೂ ದುಷ್ಪರಿಣಾಮ ಕಾಣದ ಪ್ರಮಾಣದಿಂದ, ಒಂದೇ ಸಲ ಕೊಟ್ಟಾಗ ಪ್ರಾಣಿ ಸಾಯದೆ ಉಳಿದ ಪ್ರಮಾಣದಿಂದಲ್ಲ. ಇದೇ ಅಧ್ಯಯನದಲ್ಲಿ ಇಲಿಗಳಿಗೆ ದಿನವೂ ಕೊಟ್ಟಾಗ, 2000ಕ್ಕಿಂತ ಎಷ್ಟೋ ಕೆಳಗಿನ 240 ಮಿಲಿಗ್ರಾಂನಲ್ಲೇ ತೊಂದರೆಗಳು ಕಾಣಿಸಿದವು.

ಅದೇ ಕಾಲೇಜಿನಿಂದ 2003ರಲ್ಲಿ ಬಂದ ಇನ್ನೊಂದು ಅಧ್ಯಯನವು ಗರ್ಭಿಣಿ ಸುಂಡಿಲಿಗಳ ಮೇಲೆ ನಡೆದದ್ದು. ಪ್ರಮಾಣ ಪ್ರತಿ ಕಿಲೋಗೆ 240 ಮಿಲಿಗ್ರಾಂ ದಾಟಿದ ಮೇಲೆ ಮರಿಗಳ ಸಾವು, ಬೆಳವಣಿಗೆಯ ಕುಂಠಿತ ಮತ್ತು ಅಂಗವಿಕಲತೆಗಳು ಕಂಡುಬಂದವು. ಕಾಲು ಲೋಟ ಕಷಾಯದಲ್ಲಿ ಅಷ್ಟು ಸಾರ ಇರುವುದಿಲ್ಲ ಎಂದು ಯಾರಾದರೂ ವಾದಿಸಬಹುದು. ಆದರೆ ಮನೆಯ ಕಷಾಯವನ್ನು ಯಾರೂ ಅಳೆದು ಕಾಯಿಸುವುದಿಲ್ಲ, ಬಸುರಿಗೆ ಇದರಿಂದ ಸಿಗಬೇಕಾದ ತುರ್ತು ಪ್ರಯೋಜನವೂ ಏನಿಲ್ಲ. ಪ್ರಾಣಿಗಳಲ್ಲಿ ಭ್ರೂಣಕ್ಕೆ ಹಾನಿ ಕಂಡ ಮೇಲೆ ಅದನ್ನು ಮನುಷ್ಯರಲ್ಲಿ ಪರೀಕ್ಷಿಸಿ ನೋಡುವ ಹಾಗಿಲ್ಲ; ದೂರವಿರುವುದೊಂದೇ ದಾರಿ.

ಉತ್ತರ (ಕಾರ್ಕಳದಿಂದ)

ಮೇಷ್ಟ್ರು ಬರೆದದ್ದನ್ನು ಗೌರವದಿಂದ ಓದಿದೆ. ಮಳೆಗಾಲದ ಕೆತ್ತೆಯೇ ಅತ್ಯಂತ ಸೌಮ್ಯವೆಂದು ತಿಳಿದು ಸಂತೋಷವಾಯಿತು. ನಮ್ಮ ಹಿರಿಯರು ಆಟಿ ತಿಂಗಳನ್ನು ಆರಿಸಿಕೊಂಡದ್ದರಲ್ಲಿ ಏನೋ ಅರಿವು ಇದ್ದಿರಬೇಕು. ಆದರೆ ನಮ್ಮ ಕಡೆ ಪ್ರತಿ ವರ್ಷವೂ ನನ್ನನ್ನು ಹೆದರಿಸುವುದು ಬೇರೆಯೇ ಅಪಾಯ. ನಸುಕಿನ ಕತ್ತಲೆಯಲ್ಲಿ ಕಾಡಿಗೆ ಹೋಗಿ, ಪಾಲೆಯೆಂದು ಭಾವಿಸಿ ಕಾಸರಕದ (ವಿಷಮುಷ್ಟಿ ಮರದ) ಕೆತ್ತೆಯನ್ನು ಜಜ್ಜಿ ತಂದರೆ ಅದರಲ್ಲಿರುವ ಸ್ಟ್ರಿಕ್ನಿನ್ ಮತ್ತು ಬ್ರೂಸಿನ್ ಇಡೀ ದೇಹವನ್ನು ಸೆಟೆಯಿಸಿ ಉಸಿರು ನಿಲ್ಲಿಸಬಲ್ಲವು. ಇಲಿಗೆ ಸರಿಯಾದ ಕೆತ್ತೆಯನ್ನು ಕೊಟ್ಟು ಮಾಡಿದ ಪರೀಕ್ಷೆ ಇದರಿಂದ ನಮ್ಮನ್ನು ಕಾಪಾಡುವುದಿಲ್ಲ. ಪಾಲೆಯ ಎಲೆಗಳು ಒಂದೇ ಗಂಟಿನ ಸುತ್ತ ನಾಲ್ಕರಿಂದ ಏಳರವರೆಗೆ ಚಕ್ರದಂತೆ ಹರಡಿರುತ್ತವೆ, ಕೆತ್ತೆ ಗೀರಿದರೆ ಬಿಳಿ ಹಾಲು ಬರುತ್ತದೆ. ಕಾಸರಕದ ಎಲೆಗಳು ಎದುರುಬದುರಾಗಿ ಜೋಡಿಯಾಗಿದ್ದು, ಬುಡದಿಂದಲೇ ಮೂರರಿಂದ ಐದು ನರಗಳು ಹೊರಡುತ್ತವೆ. ಹಾಲು ಬರುವ ಮರಗಳು ಬೇರೆಯೂ ಇರುವುದರಿಂದ ಹಾಲೊಂದನ್ನೇ ನಂಬಬಾರದು. ಹಿಂದಿನ ದಿನ ಬೆಳಕಿರುವಾಗಲೇ, ಮರ ಬಲ್ಲವರೊಂದಿಗೆ ಹೋಗಿ ಗುರುತಿಟ್ಟು ಬನ್ನಿ.

ಉತ್ತರ (ಮಣಿಪಾಲದಿಂದ, ಸಂಶೋಧನಾ ವಿದ್ಯಾರ್ಥಿನಿ)

ಪ್ರಾಣಿಗಳ ಪರೀಕ್ಷೆ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ಸೇರಿಸುತ್ತೇನೆ. ಅರ್ಧದಷ್ಟು ಪ್ರಾಣಿಗಳು ಸಾಯುವ ಪ್ರಮಾಣವನ್ನು ಹುಡುಕುವ ಹಳೆಯ ವಿಧಾನವನ್ನು ಒಇಸಿಡಿ (ಇಂಥ ಪರೀಕ್ಷೆಗಳಿಗೆ ಮಾರ್ಗಸೂಚಿ ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ) ತನ್ನ ಮಾರ್ಗಸೂಚಿಗಳಿಂದ 2002ರಲ್ಲಿ ಕೈಬಿಟ್ಟಿತು. ಈಗ ಸಾಮಾನ್ಯವಾಗಿ ಅನುಸರಿಸುವ 423ನೇ ಮಾರ್ಗಸೂಚಿಯಲ್ಲಿ ಒಂದು ಹಂತಕ್ಕೆ ಮೂರೇ ಪ್ರಾಣಿಗಳು, ಹೆಚ್ಚಾಗಿ ಹೆಣ್ಣು. ಔಷಧವನ್ನು ಒಂದೇ ಸಲ ಹೊಟ್ಟೆಗೆ ಕೊಟ್ಟು, ಮೊದಲ ನಾಲ್ಕು ಗಂಟೆ ವಿಶೇಷ ಗಮನವಿಟ್ಟು, ಆಮೇಲೆ ಒಟ್ಟು 14 ದಿನ ನೋಡುತ್ತಾರೆ. 2000 ಮಿಲಿಗ್ರಾಂ ಎನ್ನುವುದು ಈ ಪರೀಕ್ಷೆಯ ಸಾಮಾನ್ಯ ಗರಿಷ್ಠ ಮಿತಿ. ಯಕೃತ್ತು, ಮೂತ್ರಪಿಂಡಗಳ ಮೇಲಾಗುವ ನಿಧಾನ ಹಾನಿ ತಿಳಿಯಬೇಕಾದರೆ 28 ಅಥವಾ 90 ದಿನ ದಿನವೂ ಕೊಟ್ಟು, ರಕ್ತಪರೀಕ್ಷೆ ಮಾಡಿ, ಕೊನೆಗೆ ಅಂಗಾಂಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು.

ಅಷ್ಟಾದರೂ ಕೆಲವು ಸಂಗತಿಗಳು ತಪ್ಪಿಹೋಗುತ್ತವೆ. ಇಲಿಗೆ ವಾಂತಿ ಮಾಡುವ ಶಕ್ತಿಯೇ ಇಲ್ಲ. ತಲೆ ತಿರುಗುತ್ತಿದೆ ಎಂದು ಅದು ಹೇಳಲಾರದು. ಪ್ರಯೋಗಾಲಯದ ಪ್ರಾಣಿಗಳು ಎಳೆಯವು, ಆರೋಗ್ಯವಂತವು. ಸಕ್ಕರೆ ಕಾಯಿಲೆಗೋ ರಕ್ತದೊತ್ತಡಕ್ಕೋ ಮಾತ್ರೆ ನುಂಗುವ ಅರವತ್ತರ ಹೆಂಗಸಿನ ಸ್ಥಿತಿ ಅವುಗಳದಲ್ಲ. ಸಾವಿರಾರು ಜನರಲ್ಲಿ ಒಬ್ಬರಿಗೆ ಬರುವ ಯಕೃತ್ತಿನ ತೊಂದರೆ ಐದು ಹತ್ತು ಇಲಿಗಳಲ್ಲಿ ಕಾಣುವುದೂ ಇಲ್ಲ.

ಹಾಗೆಂದು ತಲೆಮಾರುಗಳ ಬಳಕೆಯೇ ಸಾಕು ಎನ್ನುವುದನ್ನು ನಾನು ಒಪ್ಪಲಾರೆ. ನಮ್ಮ ಬೇಲಿಗಳಲ್ಲಿ ಬೆಳೆಯುವ ಈಶ್ವರಿ ಬಳ್ಳಿಯ ಕುಲದಲ್ಲಿ ಅರಿಸ್ಟೊಲೋಕಿಕ್ ಆಮ್ಲವಿದೆ. ಬೆಲ್ಜಿಯಂನಲ್ಲಿ ತೂಕ ಇಳಿಸುವ ಔಷಧದಲ್ಲಿ ಬೇರೆ ಗಿಡದ ಬದಲು ಇದೇ ಕುಲದ ಒಂದು ಚೀನೀ ಗಿಡ ಸೇರಿಹೋಗಿ, ಅನೇಕರ ಮೂತ್ರಪಿಂಡಗಳು ಹಾಳಾದದ್ದು 1993ರಲ್ಲಿ ಬೆಳಕಿಗೆ ಬಂತು. ಮುಂದೆ ಅವರಲ್ಲಿ ಹಲವರಿಗೆ ಮೂತ್ರನಾಳದ ಕ್ಯಾನ್ಸರ್ ಕಂಡಿತು. ಹತ್ತು ವರ್ಷ ಬಿಟ್ಟು ಬರುವ ಇಂಥ ಕಾಯಿಲೆಗೂ ಎಂದೋ ಕುಡಿದ ಕಷಾಯಕ್ಕೂ ಇರುವ ಸಂಬಂಧವನ್ನು ಮನೆಯ ಅನುಭವ ಹಿಡಿಯಲಾರದು. ಇಲಿಗಳಲ್ಲಿ ಈ ಆಮ್ಲ ಗಡ್ಡೆಗಳನ್ನು ತರುತ್ತದೆ ಎಂಬುದು 1980ರ ದಶಕದಲ್ಲೇ ಗೊತ್ತಿತ್ತು. ಅಲ್ಲಿ ಮುಖ್ಯವಾಗಿ ಕಂಡದ್ದು ಹೊಟ್ಟೆಯಲ್ಲಿ, ಮನುಷ್ಯರಲ್ಲಿ ಮೂತ್ರಾಂಗಗಳಲ್ಲಿ. ಅಂಗ ಬೇರೆಯಾದರೂ ಎಚ್ಚರಿಕೆ ಸರಿಯಾಗಿಯೇ ಇತ್ತು.

ಪ್ರಶ್ನಿಸಿದವರು

ಎಲ್ಲರಿಗೂ ಕೃತಜ್ಞತೆಗಳು. ಅತ್ತಿಗೆಗೆ ಮೆಂತೆ ಗಂಜಿ ಮಾತ್ರ ಎಂದು ಅಮ್ಮನೂ ಒಪ್ಪಿದ್ದಾರೆ. ಒಂದು ಸಂದೇಹ ಉಳಿದಿದೆ: ಮಳೆಗಾಲದ ಕೆತ್ತೆ ಸೌಮ್ಯವಾದರೆ ಉಳಿದವರು ನಿಶ್ಚಿಂತೆಯಿಂದ ಕುಡಿಯಬಹುದೇ?

ಉತ್ತರ (ದೇರಳಕಟ್ಟೆಯಿಂದ)

ಸೌಮ್ಯವೆಂದದ್ದು ಉಳಿದೆರಡು ಕಾಲದ ಕೆತ್ತೆಗೆ ಹೋಲಿಸಿ ಮಾತ್ರ. ಅಷ್ಟರಿಂದಲೇ ಆಟಿಯ ಆಯ್ಕೆಯ ಹಿಂದೆ ಇದೇ ಅರಿವಿತ್ತೆಂದು ಹೇಳಲು ನನಗೆ ಧೈರ್ಯವಿಲ್ಲ. ಆರೋಗ್ಯವಂತ ವಯಸ್ಕರು ಸರಿಯಾಗಿ ಗುರುತಿಸಿದ ಮರದ ಕೆತ್ತೆಯಿಂದ ವರ್ಷಕ್ಕೊಮ್ಮೆ ಸಣ್ಣ ಲೋಟ ಕುಡಿಯುವುದನ್ನು ನಾನು ತಡೆಯುವುದಿಲ್ಲ. ಬಸುರಿಯರು, ಮೊಲೆಯುಣಿಸುವ ತಾಯಂದಿರು, ಚಿಕ್ಕ ಮಕ್ಕಳು, ಯಕೃತ್ತು ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ಕುಡಿಯಬಾರದು. ಅದೇ ಕೆತ್ತೆಯ ಪುಡಿಯನ್ನು ಡಬ್ಬಿಯಲ್ಲಿ ತಂದು ತಿಂಗಳುಗಟ್ಟಲೆ ಸೇವಿಸುವವರಿದ್ದರೆ ವರ್ಷಕ್ಕೊಮ್ಮೆಯ ರೂಢಿಯನ್ನು ಅವರು ಆಧಾರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಆ ಪುಡಿಯ ಮೇಲೆಯೇ 90 ದಿನಗಳ ಅಧ್ಯಯನ ನಡೆದಿದೆಯೇ ಎಂದು ತಯಾರಕರನ್ನು ಕೇಳಬೇಕು.